ಅಡುಗೆಮನೆಗೊಂದು ಕಿಟಕಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಚಮಚ ಉಪ್ಪು. ಬೆಳಗ್ಗೆ ಬೆಳಗ್ಗೆಯೇ ಮನೆಗೆ ಬಂದ ಪ್ರಿನ್ಸಿಪಾಲರಿಗೆ ಕಾಫಿ ಬೆರೆಸಲು ಹೋದ ಮೇಷ್ಟ್ರ ಹೆಂಡತಿ, ಕತ್ತಲೆ ಅಡುಗೆಮನೆಯಲ್ಲಿ ಸಕ್ಕರೆಯೆಂದು ಉಪ್ಪಿನ ಡಬ್ಬಿಗೆ ಕೈಹಾಕಿದ್ದರು.

ಪ್ರಿನ್ಸಿಪಾಲರು ಪಕ್ಕದ ಮನೆಯವರೇ. ಕಾಲೇಜಿನ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆ ಅವರದು, ಅದಕ್ಕೆ ಅಂಟಿಕೊಂಡದ್ದು ಮೇಷ್ಟ್ರದು. ಒಂದು ಗುಟುಕು ಕುಡಿದು ಪ್ರಿನ್ಸಿಪಾಲರು ಮುಖ ಕಿವುಚಿದರು.

“ಏನ್ರೀ ಮೇಷ್ಟ್ರೇ, ಊರಿಗೆಲ್ಲ ಮನೆ ಕಟ್ಟೋದು ಕಲಿಸ್ತೀರಿ, ನಿಮ್ಮ ಅಡುಗೆಮನೆಗೊಂದು ಕಿಟಕಿ ಇಲ್ಲ! ಮಕ್ಕಳ ಕೈಗೆ ಸುತ್ತಿಗೆ ಕೊಟ್ಟು ಅದೇನೋ ಕ್ಲಾಸ್ ನಡೆಸ್ತೀರಲ್ಲ, ಅವರ ಕೈಲೇ ಇವತ್ತು ಕಿಟಕಿ ಇಡಿಸಿ. ಸಾಯಂಕಾಲ ಬಂದು ನೋಡ್ತೀನಿ. ಚೆನ್ನಾಗಿದ್ರೆ ಕ್ಲಾಸ್ ಉಳಿಯುತ್ತೆ. ಇಲ್ದಿದ್ರೆ ನಾಳೆಯಿಂದ ಬರೀ ಬೋರ್ಡು, ಬಳಪ.”

ಮೇಷ್ಟ್ರಿಗೆ ಆ ಕ್ಲಾಸೆಂದರೆ ಪಂಚಪ್ರಾಣ. ಇಟ್ಟಿಗೆ ಮುಟ್ಟದವನು ಮನೆಯ ನಕ್ಷೆ ಬರೆಯಬಾರದು ಎನ್ನುವ ಮನುಷ್ಯ. ಅವರದು ಇನ್ನೊಂದು ವ್ರತವೂ ಇತ್ತು. ಗುರು ಉತ್ತರ ಹೇಳಬಾರದು, ಶಿಷ್ಯರ ತಲೆಯಿಂದಲೇ ಅದು ಹೊರಡಬೇಕು. ಯಾರು ಏನೇ ಕೇಳಲಿ, ಕಣ್ಣು ಅರೆಮುಚ್ಚಿ “ನಿಮಗೇನನ್ನಿಸುತ್ತೆ?” ಎನ್ನುತ್ತಿದ್ದರು.

ವಿದ್ಯಾರ್ಥಿಗಳು ಉಳಿ, ಸುತ್ತಿಗೆ ಹಿಡಿದು ಅಡುಗೆಮನೆಗೆ ನುಗ್ಗಿದರು. ಮೇಷ್ಟ್ರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಆಗಲೇ ಕನಸಿಗೆ ಇಳಿದಿದ್ದರು. ಸಂಜೆಯ ಹೊಂಬಿಸಿಲು ಪಾತ್ರೆಗಳ ಮೇಲೆ ಹರಡಿದೆ, ಅದರ ನಡುವೆ ಹೆಂಡತಿ ನಗುತ್ತಿದ್ದಾಳೆ. ಮದುವೆಯಾಗಿ ಬಂದಾಗಿನಿಂದ ಪಾಪ, ಅವಳು ಕೇಳಿದ್ದು ಈ ಕಿಟಕಿಯೊಂದನ್ನೇ.

“ಸಾರ್, ಯಾವ ಗೋಡೆಗೆ ಇಡೋಣ?” ಎರಡು ಜಡೆಯ ಹುಡುಗಿ ಬಂದು ಕೇಳಿದಳು.

“ನಿಮಗೇನನ್ನಿಸುತ್ತೆ?”

ಅಷ್ಟರಲ್ಲಿ ಸದ್ದು ಕೇಳಿ ಎದುರುಮನೆಯ ಲೆಕ್ಕದ ಮೇಷ್ಟ್ರೂ ಲೈಬ್ರರಿಯ ಮೇಡಮ್ಮೂ ಹಾಜರಾದರು.

“ಹಿತ್ತಿಲ ಕಡೆ ಇಡ್ರಮ್ಮಾ, ಗಾಳಿ ಬರುತ್ತೆ,” ಎಂದರು ಮೇಡಂ.

“ಅಲ್ಲಿ ಬಿಸಿಲೆಲ್ಲಿದೆ ಮಣ್ಣು! ಸೂರ್ಯ ಮುಳುಗೋ ಕಡೆ ಇಡಿ,” ಎಂದರು ಲೆಕ್ಕದವರು. ಇಬ್ಬರಿಗೂ ಜೋರು ಜಟಾಪಟಿಯಾಗಿ ಲೆಕ್ಕದವರ ಗಂಟಲೇ ಗೆದ್ದಿತು.

ಹುಡುಗಿ ಮತ್ತೆ ಓಡಿಬಂದಳು. “ಸಾರ್, ಆ ಗೋಡೆ ಆಚೆ ಏನಿದೆ?”

“ನಿಮಗೇನನ್ನಿಸುತ್ತೆ?”

“ಆಕಾಶ ಅನ್ನಿಸುತ್ತೆ, ಸಾರ್.”

“ಆಹಾ!” ಎಂದರು ಮೇಷ್ಟ್ರು. ಕಣ್ಣು ತೆರೆಯಲೇ ಇಲ್ಲ. ದಿನವಿಡೀ ಸುತ್ತಿಗೆಯ ಸದ್ದು ಅವರಿಗೆ ಜೋಗುಳದಂತೆ ಕೇಳುತ್ತಿತ್ತು.

ಸಾಯಂಕಾಲ ಪ್ರಿನ್ಸಿಪಾಲರು ಕಿಟಕಿ ನೋಡಲು ಹೊರಡುವ ಮುನ್ನ ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಕೆನ್ನೆಗೆ ನೊರೆ ಬಳಿದು ತಲೆಯೆತ್ತುವಷ್ಟರಲ್ಲಿ ಕನ್ನಡಿ ಧಡಾರನೆ ಕೆಳಗೆ ಬಿತ್ತು. ಅದಿದ್ದ ಜಾಗದಲ್ಲಿ ಎರಡು ಜಡೆಯ ಎಳೆಯ ಮುಖವೊಂದು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಒಂದು ಗಳಿಗೆ ಅದು ತನ್ನದೇ ಎಂದುಕೊಂಡು ಅವರು ಗಲ್ಲ ಮುಟ್ಟಿ ನೋಡಿಕೊಂಡರು.

“ಮೇಷ್ಟ್ರೇ!”

ಆ ಕೂಗಿಗೆ ಮೇಷ್ಟ್ರು ಎದ್ದು ಬಿದ್ದು ಅಡುಗೆಮನೆಗೆ ಓಡಿಬಂದರು. ಬಂದವರು ಹಾಗೇ ನಿಂತುಬಿಟ್ಟರು. ಬಚ್ಚಲಿನ ಕಿಟಕಿಯಿಂದ ಹೊಕ್ಕ ಸಂಜೆಬಿಸಿಲು ಪ್ರಿನ್ಸಿಪಾಲರ ಹೆಗಲ ಮೇಲಿಂದ ಹಾದು, ಒಡೆದ ಗೋಡೆಯೊಳಗಿಂದ ಇಳಿದು, ಪಾತ್ರೆಗಳ ಮೇಲೆಲ್ಲ ಹರಡಿತ್ತು. ಕನಸಿನಲ್ಲಿ ಕಂಡದ್ದು ಹೇಗೋ ಹಾಗೆಯೇ. ಹೆಂಡತಿ ಉಪ್ಪಿನ ಡಬ್ಬಿಯನ್ನೂ ಸಕ್ಕರೆ ಡಬ್ಬಿಯನ್ನೂ ಎರಡು ಕೈಯಲ್ಲಿ ಹಿಡಿದು ಮಗುವಿನ ಹಾಗೆ ನಗುತ್ತಿದ್ದರು. ಮೇಷ್ಟ್ರ ಕಣ್ಣು ತುಂಬಿಬಂತು.

“ನಾಳೆ ಬೆಳಗಾಗೋದ್ರೊಳಗೆ ಈ ತೂತು ಮುಚ್ಚಿರಬೇಕು!” ನೊರೆಯ ನಡುವಿನಿಂದ ಪ್ರಿನ್ಸಿಪಾಲರು ಗುಡುಗಿದರು. “ಇಲ್ದಿದ್ರೆ ನಿಮ್ಮ ಕ್ಲಾಸ್ ಮುಚ್ಚುತ್ತೆ!”

“ಮುಚ್ಚಿಸಿ ನೋಡೋಣ,” ಎಂದರು ಹೆಂಡತಿ ಗಂಡನಿಗೆ, ಡಬ್ಬಿಗಳನ್ನು ಎದೆಗವಚಿಕೊಂಡು. “ನಾಳೆಯಿಂದ ನಾನು ಈ ಅಡುಗೆಮನೆಗೆ ಕಾಲಿಡಲ್ಲ. ನೀವೇ ಬೇಯಿಸಿಕೊಳ್ಳಿ.”

ಮೇಷ್ಟ್ರು ತೂತಿನ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಅಷ್ಟು ವರ್ಷದ ಪಾಠದಲ್ಲಿ ಮೊದಲ ಸಲ ಅವರಿಗೆ ಒಂದು ಉತ್ತರ ತುರ್ತಾಗಿ ಬೇಕಾಗಿತ್ತು. ದೈನ್ಯದಿಂದ ಶಿಷ್ಯರ ಕಡೆ ತಿರುಗಿದರು.

“ಈಗೇನ್ರಪ್ಪಾ ಮಾಡೋದು?”

ಶಿಷ್ಯರು ಕೈಯ ಧೂಳು ಕೊಡವಿಕೊಂಡು, ಕಣ್ಣು ಅರೆಮುಚ್ಚಿ, ಒಕ್ಕೊರಲಿನಿಂದ ಹೇಳಿದರು:

“ನಿಮಗೇನನ್ನಿಸುತ್ತೆ, ಸಾರ್?”