ಕಲ್ಯಾಣಪ್ಪ ಮಾಸ್ತರರ ಗಾಂಧಾರ

ಉಮರ್ಗಾದ ಸಂಗೀತ ಮಾಸ್ತರ ಕಲ್ಯಾಣಪ್ಪನವರ ಗಾಂಧಾರ ಕೆಟ್ಟಿದೆ ಎಂದು ಮೊಟ್ಟಮೊದಲು ಕಂಡುಹಿಡಿದವನು ಮೊಬೈಲ್ ಅಂಗಡಿಯ ಓಂಪ್ರಕಾಶ. ಹಾಗೆಂದು ಅವನಿಗೆ ಸಂಗೀತ ಬರುತ್ತಿತ್ತು ಎಂದೇನೂ ಅಲ್ಲ. ಅಂಗಡಿಯಲ್ಲಿ ಕೂತು ಅವನು ಸೀಟಿ ಹೊಡೆದರೆ ಗಿರಾಕಿಗಳು ತಮ್ಮ ತಮ್ಮ ಫೋನು ತೆಗೆದು ನೋಡಿಕೊಳ್ಳುತ್ತಿದ್ದರು. ಅವನಿಗಿದ್ದದ್ದು ಬೇರೆ ಚಟ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಟೆಕ್ನಾಲಜಿ ಸುದ್ದಿ ಓದುವುದು, ಓದಿದ್ದು ಓಣಿಯಲ್ಲಿ ಯಾರಿಗೆ ಉಪಯೋಗವೋ ಅವರ ಮನೆಗೆ ಹೋಗಿ ಮುಟ್ಟಿಸಿ ಬರುವುದು.

ಮಾಸ್ತರರಿಗೆ ಅವನು ಹಿಂದೊಮ್ಮೆ ತಂಬೂರಿ ನುಡಿಸುವ ಆ್ಯಪ್ ಹಾಕಿಕೊಟ್ಟಿದ್ದ. ಮಾಸ್ತರರು ಯಾರದೋ ಮಣ್ಣಿಗೆ ಹೋದಾಗ ಅದು ಜೇಬಿನಲ್ಲಿ ತಾನಾಗಿಯೇ ಶುರುವಾಯಿತು. ಬಂದ್ ಮಾಡುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಸಂಸ್ಕಾರ ಮುಗಿಯುವವರೆಗೂ ನುಡಿಯಿತು. ಸತ್ತವರ ಮನೆಯವರು ಮಾತ್ರ ಎಲ್ಲ ಬಹಳ ಶಾಸ್ತ್ರೋಕ್ತವಾಯಿತು ಎಂದು ಮಾಸ್ತರರಿಗೆ ಕೈಮುಗಿದಿದ್ದರು.

ಈ ದಿನ ಅವನು ಬೆಳಗ್ಗೆ ಏಳಕ್ಕೇ ಬಂದ.

"ಗುರುಜಿ, ಇವತ್ತಿನ ಬಾತಮಿ ನಿಮ್ಮದೇ ಅದ! ಸಂಗೀತ ಕಲಿಸೋರಿಗಿ ಉಪಯೋಗ ಆಗೋ ಸಾಫ್ಟ್‌ವೇರ್ ಹತ್ತು. ಅದ್ರಾಗ ನಂಬರ್ ಒಂದು ಇದು ನೋಡ್ರಿ. ಇದರ ಮುಂದ ಹಾಡಿದ್ರ ಮುಳ್ಳು ತಿರಗತದ. ಸ್ವರ ಬರೋಬರ್ ಇದ್ರ ಹಸಿರು, ತಪ್ಪಿದ್ರ ಕೆಂಪು."

"ಇವತ್ತ ಬ್ಯಾಡೋ ಮಾರಾಯ. ಇವತ್ತ ನನ್ನ ಪರೀಕ್ಷಾ ಅದ," ಎಂದರು ಮಾಸ್ತರರು.

ಅದು ನಿಜ. ಊರಿನ ಕನ್ಯಾಶಾಲೆಗೆ ಒಬ್ಬ ಸಂಗೀತ ಮಾಸ್ತರರನ್ನು ಕಾಯಂ ಆಗಿ ತೆಗೆದುಕೊಳ್ಳುವವರಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಕಮಿಟಿಯ ಮುಂದೆ ಪೇಟಿ ಬಾರಿಸಿ ಹುಡುಗಿಯರಿಂದ ಪ್ರಾರ್ಥನೆ ಹಾಡಿಸಬೇಕು, ಅಷ್ಟೇ ಪರೀಕ್ಷೆ. ಪೇಟಿ ಎಂದರೆ ಹಾರ್ಮೋನಿಯಂ. ಇಪ್ಪತ್ತೆರಡು ವರ್ಷ ಮನೆಯ ಪಡಸಾಲೆಯಲ್ಲೇ ಕಲಿಸಿದ ಮಾಸ್ತರರಿಗೆ ಐವತ್ತೆರಡು ತುಂಬಿತ್ತು. ಇದು ತಪ್ಪಿದರೆ ಈ ಜನ್ಮದಲ್ಲಿ ಇನ್ನೊಂದು ನೌಕರಿ ಅವರ ಮನೆಯ ದಾರಿ ಹಿಡಿಯುವಂತಿರಲಿಲ್ಲ.

ಆದರೆ ಓಂಪ್ರಕಾಶ ಅಷ್ಟರಲ್ಲಿ ಆ್ಯಪ್ ಹಾಕಿಯೇ ಬಿಟ್ಟಿದ್ದ. ಎದುರಿಗೆ ಪ್ರಾಜಕ್ತಾ ಕೂತಿದ್ದಳು. ಹನ್ನೊಂದು ವರ್ಷದಿಂದ ಮಾಸ್ತರರ ಹತ್ತಿರ ಕಲಿಯುತ್ತಿದ್ದ, ಈಗಷ್ಟೇ ಬಿ.ಎ. ಮುಗಿಸಿದ ಹುಡುಗಿ. ಗುರುಗಳ ಮೇಲಿನ ಅಭಿಮಾನಕ್ಕೆ ಆ ದಿನ ಶಾಲೆಯ ಹುಡುಗಿಯರ ಜೊತೆ ನಿಂತು ಹಾಡಲು ಒಪ್ಪಿದ್ದಳು. ಓಂಪ್ರಕಾಶ ಅವಳ ಮುಂದೆ ಫೋನು ಹಿಡಿದ. ಸ ಹಸಿರು. ರಿ ಹಸಿರು. ಗ ಕೆಂಪು.

"ಹನ್ನೊಂದು ವರ್ಷ ಕಲ್ತು ಗಾಂಧಾರ ಹಚ್ಚಲಿಕ್ಕ ಬರಲ್ಲಾ ನಿನಗ?" ಎಂದು ಮಾಸ್ತರರು ಗದರಿದರು.

"ನೀವು ಹಚ್ಚಿ ತೋರಸ್ರಿ ಗುರುಜಿ."

ಮಾಸ್ತರರು ಗಂಟಲು ಸರಿಮಾಡಿಕೊಂಡು ಹಾಡಿದರು. ಸ ಹಸಿರು. ರಿ ಹಸಿರು. ಗ ಕೆಂಪು.

ಮುಂದಿನ ಅರ್ಧ ಗಂಟೆಯಲ್ಲಿ ಪಡಸಾಲೆ ಸರಕಾರಿ ದವಾಖಾನೆಯಂತಾಯಿತು. ಸುದ್ದಿ ಕೇಳಿದವರೆಲ್ಲ ಬಂದು ಸಾಲಾಗಿ ನಿಂತು ತಮ್ಮ ಗಾಂಧಾರ ತೋರಿಸಿದರು. ಭಜನಿ ಮಂಡಳಿಯ ನಾಲ್ವರು ಬಂದರು, ನಾಲ್ವರದೂ ಕೆಂಪು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶೇವಂತಾಬಾಯಿಯನ್ನೂ ಕರೆದು ಹಾಡಿಸಿದರು, ಅವರದೂ ಕೆಂಪು. ಕೊನೆಗೆ ಹಾಲು ಹಾಕಲು ಬಂದ ತುರೋರಿ ಹಳ್ಳಿಯ ಬಾಳು ಎಂಬವನು, ಟೀವಿಯಲ್ಲಿ ಕೇಳಿದ್ದ ಸರಿಗಮವನ್ನು ಕ್ಯಾನು ಕೆಳಗಿಡದೆಯೇ ಹಾಡಿದ. ಮೂರೂ ಹಸಿರು!

"ಅಂವಾ ಎಮ್ಮಿ ಕಾಯೋನು, ಅಂವಂದು ಹ್ಯಾಂಗ ಬರೋಬರ್ ಬಂತು?" ಎಂದಳು ಪ್ರಾಜಕ್ತಾ.

"ಅಂವಾ ಗುರುಜಿ ಬಲ್ಲಿ ಕಲ್ತಿಲ್ಲಲ್ಲ," ಎಂದ ಓಂಪ್ರಕಾಶ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮಾಸ್ತರರು ಫೋನನ್ನು ಪೇಟಿಯ ಹತ್ತಿರ ಇಟ್ಟು ಒಂದೊಂದೇ ಸ್ವರದ ಮನೆ ಒತ್ತಿದರು. ಎಲ್ಲವೂ ಹಸಿರು, ನಡುವಿನ ಗಾಂಧಾರ ಒಂದೇ ಕೆಂಪು. ಕೂದಲೆಳೆಯಷ್ಟು ಇಳಿದಿತ್ತು. ಅವರಿಗೆ ಎಲ್ಲ ತಿಳಿದುಹೋಯಿತು. ದನಿ ದಪ್ಪವಿರಲಿ ಸಣ್ಣವಿರಲಿ, ಎಲ್ಲರಿಗೂ ಪೇಟಿಯ ಒಂದೇ ಬಿಳಿ ಮನೆಯಿಂದ ಷಡ್ಜ ಹಿಡಿಸಿ ಕಲಿಸುವುದು ಅವರ ಪದ್ಧತಿ. ಹೀಗಾಗಿ ಇಪ್ಪತ್ತೆರಡು ವರ್ಷವೂ ಗಾಂಧಾರ ಬಂದದ್ದು ಈ ಒಂದೇ ಮನೆಯಿಂದ. ಅವರ ಕಿವಿಗೆ ಅದೇ ರೂಢಿಯಾಗಿತ್ತು, ಅವರಿಂದ ಊರಿಗೂ ರೂಢಿಯಾಗಿತ್ತು. ಹಿಂದೆ ಸೋಲಾಪುರದಿಂದ ಬಂದ ಗಾಯಕರೊಬ್ಬರು ಇವರ ಭಜನೆಯಲ್ಲಿ ಐದೈದು ನಿಮಿಷಕ್ಕೆ ಮುಖ ಹಿಂಡುತ್ತಿದ್ದರು. ಪಾಪ, ಹೊಟ್ಟೆ ಸರಿಯಿಲ್ಲವೆಂದು ಇವರು ಓಮಿನ ಕಷಾಯ ಮಾಡಿಸಿ ಕುಡಿಸಿದ್ದರು.

"ನಾ ನಿಲಂಗಾಕ್ಕ ಹೋಗಿ ಬರ್ತೀನಿ. ಧೂಳಪ್ಪನ ಬಲ್ಲಿ ರಿಪೇರಿ ಮಾಡ್ಸಿಕೊಂಡು ನಾಕಕ್ಕ ಹೊಳ್ಳಿ ಬರ್ತೀನಿ," ಎಂದು ಮಾಸ್ತರರು ಎದ್ದರು.

"ಇವತ್ತೊಂದಿನ ಸುಮ್ಮ ಇರ್ರಿ," ಎಂದರು ಶೇವಂತಾಬಾಯಿ. "ಇಷ್ಟ ವರ್ಷ ಯಾರಿಗೂ ತಿಳೀಲಾರದ್ದು ಇವತ್ತೇ ತಿಳೀತದೇನು? ನಾಳಿಗಿ ಮಾಡಸ್ರಿ."

"ತಪ್ಪು ಅಂತ ತಿಳದ ಮ್ಯಾಲ ಹ್ಯಾಂಗ ಬಾರಸ್ಲಿ?"

ಮಾಸ್ತರರು ಪ್ರಾಮಾಣಿಕರು. ಅದೇ ಅವರ ತೊಂದರೆ.

ಎಸ್.ಟಿ. ಬಸ್ಸಿನಲ್ಲಿ ಅವರು ಪೇಟಿಯನ್ನು ಕಿಟಕಿಯ ಸೀಟಿಗೆ ಕೂರಿಸಿ ಪಕ್ಕದಲ್ಲಿ ತಾವು ಕೂತರು. ಕಂಡಕ್ಟರು ಪೇಟಿಗೆ ಅರ್ಧ ಟಿಕೆಟ್ ಹರಿದ. ಅರ್ಧ ಟಿಕೆಟ್ಟಿನವರು ತೊಡೆಯ ಮೇಲೆ ಕೂರಬೇಕೆಂದು ಹಿಂದಿನ ಸೀಟಿನ ಮುದುಕಿ ತಕರಾರು ತೆಗೆದಳು. ನಿಲಂಗಾದವರೆಗೂ ಪೇಟಿ ಮಾಸ್ತರರ ತೊಡೆಯ ಮೇಲೆ, ಮುದುಕಿ ಕಿಟಕಿಯ ಹತ್ತಿರ. ಇಳಿಯುವ ಹೊತ್ತಿಗೆ ಅವರ ಕಾಲಿನಲ್ಲಿ ಜೀವ ಇರಲಿಲ್ಲ.

ಧೂಳಪ್ಪ ಪೇಟಿ ರಿಪೇರಿಯಲ್ಲಿ ಕೈ ಪಳಗಿದ ಮನುಷ್ಯ. ಮುಚ್ಚಳ ತೆಗೆದು, ಗಾಂಧಾರದ ನಾಲಿಗೆಯಂಥ ಹಿತ್ತಾಳೆ ಪತ್ತಿಯನ್ನು ಬೆಳಕಿಗೆ ಹಿಡಿದು ನಕ್ಕ.

"ಪತ್ತೀದು ಏನೂ ತಪ್ಪಿಲ್ರಿ ಗುರುಜಿ. ತುದಿಗಿ ಮಣ್ಣ ಹತ್ಯಾದ ನೋಡ್ರಿ, ಜೋಳದ ಕಾಳಿನ ಅರ್ಧದಷ್ಟು. ಕಲ್ಲಿನಂಗ ಆಗ್ಯಾದ. ತುದಿ ಭಾರ ಆದ್ರ ಸ್ವರ ಇಳೀತದ. ಎಲ್ಲೀದು ಈ ಮಣ್ಣ?"

ಮಾಸ್ತರರು ಆ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹಿಂದೆ ಲಾತೂರು ಸೀಮೆಯಲ್ಲಿ ದೊಡ್ಡ ಭೂಕಂಪವಾದ ಮೂರನೆಯ ದಿನ ಸಾಸ್ತೂರಿನಲ್ಲಿ ಬಿದ್ದ ತಮ್ಮ ಮನೆಯ ಗೋಡೆಯ ಅಡಿಯಿಂದ ಆ ಪೇಟಿಯನ್ನು ಅವರೇ ತೋಡಿ ತೆಗೆದಿದ್ದರು. ಆ ಮನೆಯಿಂದ ಉಳಿದದ್ದು ಅದೊಂದೇ. ಹೊರಗಿನ ಧೂಳು ಒರೆಸಿ, ಸ್ವರ ಬಂತಲ್ಲ ಎಂದು ಅತ್ತು, ಮತ್ತೆ ಒಳಗೆ ನೋಡಿರಲಿಲ್ಲ.

"ನಮ್ಮ ಮನೀದು," ಎಂದರು.

ಧೂಳಪ್ಪ ಸಣ್ಣ ಉಳಿಯಿಂದ ಎರಡು ಸಲ ಕೆರೆದು ಉಫ್ ಎಂದು ಊದಿದ. ಮಣ್ಣು ಹಾರಿಹೋಯಿತು. ಫೋನು ಹಿಡಿದು ಒತ್ತಿದರೆ ಗಾಂಧಾರ ಹಚ್ಚ ಹಸಿರು. ಮಾಸ್ತರರ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಇರಬೇಕು ಎಂದುಕೊಂಡರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಪೇಟಿ ಹೊತ್ತುಕೊಂಡು ಶಾಲೆ ಮುಟ್ಟಿದರು. ಕಮಿಟಿಯ ಅಧ್ಯಕ್ಷ, ಬಟ್ಟೆ ವ್ಯಾಪಾರಿ ಗುರುಲಿಂಗಪ್ಪ ಸಾವಕಾರರು ನಡುವೆ ಕೂತಿದ್ದರು. ಪ್ರತಿ ಸೋಮವಾರದ ಭಜನೆಯಲ್ಲಿ ಮುಂದೆ ಕೂತು ಹಾಡುವವರು ಅವರೇ. ಅವರಿಗೆ ಕಲಿಸಿದವರೂ ಮಾಸ್ತರರೇ. ಒಂದು ಪಕ್ಕದಲ್ಲಿ ಪ್ರಾಜಕ್ತಾ ಮತ್ತು ಎಂಟು ಹುಡುಗಿಯರು, ಎಲ್ಲರೂ ಮಾಸ್ತರರ ಪಡಸಾಲೆಯವರು. ಯಾರೂ ಕರೆಯದಿದ್ದರೂ ಓಂಪ್ರಕಾಶ ಬಾಗಿಲಲ್ಲಿ ನಿಂತಿದ್ದ.

"ಶುರು ಮಾಡ್ರಿ ಗುರುಜಿ. ನೀವು ನಮ್ಮವರೇ, ಇದೆಲ್ಲ ಕಾಗದಕ್ಕ ಇರಲಿ ಅಂತ," ಎಂದರು ಸಾವಕಾರರು.

ಪ್ರಾರ್ಥನೆ ಶುರುವಾಯಿತು. ಷಡ್ಜ, ರಿಷಭದವರೆಗೆ ಎಲ್ಲ ಚೆಂದವಾಗಿತ್ತು. ಗಾಂಧಾರಕ್ಕೆ ಬಂದಾಗ ಪೇಟಿ ಮೇಲೆ ಹೋಯಿತು, ಹುಡುಗಿಯರು ಕೆಳಗೇ ನಿಂತರು. ಸಣ್ಣ ಬಾಗಿಲಲ್ಲಿ ಅತ್ತೆ ಸೊಸೆ ಎದುರುಬದುರಾದಂತೆ ಎರಡೂ ಸ್ವರ ಒಂದನ್ನೊಂದು ತಿಕ್ಕಿದವು. ಎರಡನೆಯ ಸಾಲಿಗೂ ಹಾಗೇ ಆಯಿತು. ಆ ಪ್ರಾರ್ಥನೆಯಲ್ಲಿ ಗಾಂಧಾರ ಇಪ್ಪತ್ತೇಳು ಕಡೆ ಬರುತ್ತಿತ್ತು. ಐದನೆಯ ಕಡೆಗೇ ಸಾವಕಾರರು ಕೈಯೆತ್ತಿದರು.

"ನಿಂದರ್ರಿ ನಿಂದರ್ರಿ! ಗುರುಜಿ, ನಿಮ್ಮ ಪೇಟಿಗಿ ಏನಾಗ್ಯಾದ?"

"ಪೇಟಿ ಬರೋಬರ್ ಅದರಿ. ಹುಡುಗ್ಯಾರು ಇಳಿಸಿ ಹಾಡ್ಲತ್ತಾರ."

"ಕುಣೀಲಾರದಾಕಿ ನೆಲ ಡೊಂಕ ಅಂದ್ಳಂತ. ಒಂಬತ್ತು ಮಂದಿ ಒಂದೇ ದನಿ ಹಾಡ್ಲತ್ತಾರ, ನಿಮ್ಮ ಒಬ್ಬರದೇ ಬ್ಯಾರೆ ಆಗ್ಯಾದ."

ಇಲ್ಲಿ ಸುಮ್ಮನಿದ್ದರೆ ಏನಾಗುತ್ತಿತ್ತೋ. ಆದರೆ ಓಂಪ್ರಕಾಶ ನೆರವಿಗೆ ಧಾವಿಸಿದ.

"ಸಾವಕಾರ್ರೆ, ಗುರುಜಿ ಹೇಳೋದು ಖರೇ ಅದ! ಇದರಾಗ ನೋಡ್ರಿ!" ಎಂದು ಫೋನನ್ನು ಪೇಟಿಗೆ ಹಿಡಿದ, ಹಸಿರು. ಹುಡುಗಿಯರಿಗೆ ಹಿಡಿದ, ಕೆಂಪು. "ನೀವೂ ಒಮ್ಮೆ ಹಾಡ್ರಿ ಸಾವಕಾರ್ರೆ." ಸಾವಕಾರರು ಎದೆಯುಬ್ಬಿಸಿ ಹಾಡಿದರು. ಕುಂಕುಮದಂಥ ಕೆಂಪು. ಹುಡುಗಿಯರು ಓಡಣಿಯನ್ನು ಬಾಯಿಗೆ ಒತ್ತಿಕೊಂಡರು.

ಸಾವಕಾರರ ಮುಖವೂ ಫೋನಿನ ಬಣ್ಣಕ್ಕೆ ಬಂತು. ಅವರು ನಿಧಾನವಾಗಿ ಮಾಸ್ತರರ ಕಡೆ ತಿರುಗಿದರು.

"ಗುರುಜಿ, ಒಂದು ಮಾತು ಹೇಳ್ರಿ. ಈ ಫೋನ್ ಖರೇ ಹೇಳ್ತದೋ, ಸುಳ್ಳ ಹೇಳ್ತದೋ?"

"ಖರೇನೇ ಹೇಳ್ತದರಿ."

"ಅಂದ್ರ ಇಪ್ಪತ್ತೆರಡು ವರ್ಷ ನೀವು ಊರಿಗೆಲ್ಲ ತಪ್ಪು ಕಲ್ಸೀರಿ. ಅಂಥವರಿಗಿ ಸಾಲ್ಯಾಗ ನೋಕರಿ ಹ್ಯಾಂಗ ಕೊಡಬೇಕು?"

ಮಾಸ್ತರರು ಬೆವತರು. "ಹಂಗಾದ್ರ... ಸುಳ್ಳ ಹೇಳ್ತದ ಅನ್ರಿ."

"ಸುಳ್ಳ ಹೇಳ್ತದ ಅಂದ್ರ ಇವತ್ತ ನೀವು ತಪ್ಪು ಬಾರ್ಸೀರಿ. ಅಂಥವರಿಗಿ ಹ್ಯಾಂಗ ಕೊಡಬೇಕು?"

ಅತ್ತ ದರಿ, ಇತ್ತ ಪುಲಿ. ಮಾಸ್ತರರು ಪೇಟಿಯ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಣ್ಣಿನ ವಿಷಯ ಹೇಳಬೇಕೆನ್ನಿಸಿತು. ಹೇಳಿದರೆ ಊರಿಗೆಲ್ಲ ತಪ್ಪು ಕಲಿಸಿದರೆಂಬ ಮೊದಲನೆಯ ಮಾತೇ ಗಟ್ಟಿಯಾಗುತ್ತದೆಂದು ನುಂಗಿಕೊಂಡರು.

"ಪ್ರಾಜಕ್ತಾ, ಪೇಟಿ ಇಲ್ಲದೇ ನೀನೇ ಒಮ್ಮೆ ಹಾಡ್ಸು ನೋಡೋಣ," ಎಂದರು ಸಾವಕಾರರು.

ಅವಳು ಗುರುಗಳ ಮುಖ ನೋಡಿದಳು. ಅವರು ತಲೆಯಾಡಿಸಿದರು. ಒಂಬತ್ತು ದನಿ ಒಟ್ಟಾಗಿ ಎದ್ದವು. ಇಪ್ಪತ್ತೇಳು ಗಾಂಧಾರವೂ ಕೂದಲೆಳೆಯಷ್ಟು ಇಳಿದು, ಒಂದಕ್ಕೊಂದು ಸಮವಾಗಿ, ಬೆಣ್ಣೆಯಂತೆ ಬಂದವು. ಕಮಿಟಿಯವರು ಕಣ್ಣು ಮುಚ್ಚಿ ಕೇಳಿದರು. ಖರೇ ಹೇಳಬೇಕೆಂದರೆ ಮಾಸ್ತರರೂ ಕಣ್ಣು ಮುಚ್ಚಿದ್ದರು.

"ಇದಕ್ಕ ಅಂತಾರ ಗಾಂಧಾರ! ನೋಕರಿ ಈ ಹುಡುಗಿಗೇ," ಎಂದು ಸಾವಕಾರರು ಕಾಗದಕ್ಕೆ ಸಹಿ ಹಾಕಿಬಿಟ್ಟರು.

ಪ್ರಾಜಕ್ತಾ ಅಳುತ್ತ ಬಂದು ಮಾಸ್ತರರ ಕಾಲು ಹಿಡಿದಳು. "ನಂಗ ಬ್ಯಾಡ್ರಿ ಗುರುಜಿ," ಎಂದಳು. "ಹುಚ್ಚಿ, ಬಂದದ್ದು ಬಿಡಬ್ಯಾಡ," ಎಂದು ಅವರೇ ಎಬ್ಬಿಸಿದರು. ಅವರ ದನಿ ನಡುಗುತ್ತಿತ್ತು. ಅದಕ್ಕೆ ಮಾತ್ರ ಯಾರೂ ಫೋನು ಹಿಡಿಯಲಿಲ್ಲ.

ಅಷ್ಟರಲ್ಲಿ ಲಾತೂರಿನಿಂದ ತರಿಸಿದ್ದ ಶಾಲೆಯ ಹೊಸ ಪೇಟಿಯನ್ನು ಜವಾನ ತಂದಿಟ್ಟ. ಪ್ರಾಜಕ್ತಾ ಕಣ್ಣೊರೆಸಿಕೊಂಡು ಒತ್ತಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಸಾವಕಾರ್ರೆ, ಇದರ ಗಾಂಧಾರನೂ ಮ್ಯಾಲ ಹೋಗ್ಲತ್ತದ್ರಿ. ಹುಡುಗ್ಯಾರಿಗಿ ನಾ ಹ್ಯಾಂಗ ಕಲಸ್ಲಿ?"

"ಅದಕ್ಯಾಕ ಚಿಂತಿ? ಗುರುಜಿ ಇಲ್ಲೇ ಅದಾರಲ್ಲ," ಎಂದರು ಸಾವಕಾರರು ಪ್ರೀತಿಯಿಂದಲೇ. "ಗುರುಜಿ, ನಿಮ್ಮ ಪೇಟಿ ಮೊದಲ ಹ್ಯಾಂಗಿತ್ತೋ ಹಂಗ ಇದಕ್ಕ ಮಾಡಿ ಕೊಡ್ರಿ. ನಿಮ್ಮ ಬಿಟ್ಟು ಇನ್ಯಾರಿಗಿ ಬರ್ತದ ಅದು?"

ಮಾಸ್ತರರು ಎದ್ದು ಅಂಗಳಕ್ಕೆ ಹೋಗಿ, ಬೇವಿನ ಗಿಡದ ಬುಡದಿಂದ ಹಸಿ ಮಣ್ಣನ್ನು ಚಿಟಿಕೆಯಷ್ಟು ತಂದರು. ಆಫೀಸಿನ ಗೋಂದಿನಲ್ಲಿ ಅದನ್ನು ಕಲಸಿ, ಹೊಸ ಪೇಟಿಯ ಮುಚ್ಚಳ ತೆಗೆದು, ಗಾಂಧಾರದ ತುದಿಗೆ ಇಷ್ಟಿಷ್ಟೇ ಹಚ್ಚತೊಡಗಿದರು. ಓಂಪ್ರಕಾಶ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನು ಹಿಡಿದ.

"ಇನ್ನಾ ಹಸಿರು ಅದರಿ... ಇನ್ನಾ ಜರಾ ಹಚ್ರಿ... ಹಾಂ, ಕೆಂಪ ಆತು! ಬಸ್ ಗುರುಜಿ, ಈಗ ಬರೋಬರ್ ಆತು."