ಎರಡನೆಯ ಬಾಗಿಲಿನ ಪಾಲು

ಚೌಕಾಸಿ ಮಾಡದೆ ನಾನು ಈ ಜನ್ಮದಲ್ಲಿ ಪಡೆದದ್ದು ಒಂದೇ, ಈ ಜನ್ಮ. ಹದಿನೆಂಟನೆಯ ವಯಸ್ಸಿನಲ್ಲಿ ತಗಡಿನ ಪೆಟ್ಟಿಗೆ ಹಿಡಿದು, ಛತ್ರವೊಂದರ ಅಡಿಗೆಮನೆಗೆ ಸೇರಲು ಕಾಶಿಗೆ ಬಂದವನು ಇಂದು ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ, ನಮ್ಮ ಕಡೆಯ ಯಾತ್ರಿಕರು ಬಂದಿಳಿಯುವ ಎರಡಂತಸ್ತಿನ ಮನೆಗೆ ಯಜಮಾನ. ವಿಶ್ವನಾಥನ ಕೃಪೆ ಅರ್ಧ, ಚೌಕಾಸಿ ಅರ್ಧ. ನಾನು ದೂರದಲ್ಲಿ ಕಂಡರೆ ಸಾಕು, ಅಸ್ಸಿ ಘಾಟಿನ ದೋಣಿಯವರು ನಿದ್ದೆ ಬಂದವರಂತೆ ಮಲಗಿಬಿಡುತ್ತಾರೆ. ಈ ವಿದ್ಯೆಯನ್ನು ಕೇಳಿದವರಿಗೂ ಕೇಳದವರಿಗೂ ಪುಕ್ಕಟೆಯಾಗಿ ಹಂಚಿದ್ದೇನೆ.

ತೊಂಬತ್ತರ ಆಚೀಚೆ ಒಂದು ವರ್ಷ, ಚರಂಡಿ ಕೊಳವೆಗೆಂದು ನಮ್ಮ ಗಲ್ಲಿಯನ್ನು ಅಗೆದರು. ಎಬ್ಬಿಸಿದ ಚಪ್ಪಡಿಗಳು ಮತ್ತೆ ತಮ್ಮ ಜಾಗಕ್ಕೆ ಬರಲೇ ಇಲ್ಲ. ಹರಿಶ್ಚಂದ್ರ ಘಾಟಿಗೆ ಹೆಣ ಹೊರುವವರು ಕೂಡ, ಎಡವಿದರೆ ತಮಗೂ ಅದೇ ಗತಿ ಎಂದು ಬೇರೆ ದಾರಿ ಹಿಡಿದರು. ಕಡೆಗೆ, ಅರ್ಧ ಖರ್ಚು ಮನೆಯವರು ಹಾಕಿದರೆ ಹೊಸ ಕಲ್ಲು ಹಾಸಿಕೊಡುತ್ತೇವೆ ಎಂದು ನಗರಪಾಲಿಕೆಯ ಕಚೇರಿಯಿಂದ ಮಾತು ಬಂತು. ಆ ಅರ್ಧವನ್ನು ಹಂಚುವುದು ಹೇಗೆ? ಎದುರುಮನೆಯ ಪಾಂಡೆಜಿ, ದಿನವಿಡೀ ಜಗಲಿಯ ಮೇಲೆ ಪಾನ್ ಜಗಿಯುತ್ತಾ ಗಲ್ಲಿ ಕಾಯುವವರು, ಮನೆಗೊಂದು ಸಮಪಾಲು ಎಂದರು. ನನ್ನ ಪಕ್ಕದ ಪುರೋಹಿತರ ಮನೆಯ ಹಿರಿಯ ವಿಧವೆ, ನಾನು ಅತ್ತೆ ಎಂದು ಕರೆಯುವ ಕಾವೇರಮ್ಮನವರು, "ನಾನು ದಿನಕ್ಕೆ ನಾಲ್ಕು ಹೆಜ್ಜೆ ನಡೆಯೋಳು, ನನಗ್ಯಾಕಪ್ಪಾ ಇಡೀ ಗಲ್ಲಿ?" ಎಂದರು.

ನಾನು ಗಂಟಲು ಸರಿಮಾಡಿಕೊಂಡು ನ್ಯಾಯ ಹೇಳಿದೆ: ಗಲ್ಲಿ ಬೇಕಾಗಿರುವುದು ಬಾಗಿಲಿಗೆ, ಆದ್ದರಿಂದ ಬಾಗಿಲಿಗೊಂದು ಪಾಲು. ಎಲ್ಲರೂ ತಲೆದೂಗಿದರು.

"ನಂದು ಎರಡು ಬಾಗಿಲು ಶೀನಪ್ಪಾ. ಪಕ್ಕದ್ದು ತೆಗೆಯದೇ ಎಷ್ಟೋ ವರ್ಷ ಆಯ್ತು. ಸ್ವಲ್ಪ ನೋಡಿ ಹೇಳು," ಎಂದರು ಕಾವೇರಮ್ಮನವರು.

"ಬಾಗಿಲು ಬಾಗಿಲೇ ಅತ್ತೆ. ನಿಮಗೆ ಬಿಟ್ಟರೆ ಊರಿಗೆಲ್ಲ ಬಿಡಬೇಕಾಗುತ್ತೆ."

ನನ್ನ ಮನೆಗೂ ಎರಡೇ. ಆದರೆ ಮರುದಿನ ಅವರೆಲ್ಲ ಎಣಿಸಲು ಬರುವ ಹೊತ್ತಿಗೆ ಪಕ್ಕದ ಬಾಗಿಲಿನ ಜಾಗದಲ್ಲಿ ಹಸಿ ಗಾರೆಯ ಗೋಡೆ ಇತ್ತು. ಪಾಂಡೆಜಿ ಅದನ್ನು ಬೆರಳಿನಿಂದ ಒತ್ತಿ ನೋಡಿ ನಕ್ಕರು. "ಕಾ ಗುರು, ಏನಿದು! ನಿನ್ನೆವರೆಗೆ ಇಲ್ಲಿ ದರ್ವಾಜಾ ಇತ್ತಲ್ಲ, ಗಂಗಾಸ್ನಾನಕ್ಕೆ ಹೋಯಿತಾ?"

"ಎಣಿಕೆ ಇವತ್ತಿನದು, ಪಾಂಡೆಜಿ."

"ಠೀಕ್ ಹೈ. ಆದರೆ ಮತ್ತೆ ತೆರೆದರೆ ಎರಡರ ಪಾಲಲ್ಲ, ನಾಲ್ಕರದ್ದು," ಎಂದು ಕಾಗದದಲ್ಲಿ ಬರೆಸಿಯೇ ಬಿಟ್ಟರು. ನಾನು ಖುಷಿಯಿಂದ ಸಹಿ ಹಾಕಿದೆ.

ಒಳಗೆ ಬಂದು ಈ ಗೆಲುವನ್ನು ಹೆಂಡತಿಗೆ ಬಣ್ಣಿಸಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ರೀ, ನಾಳೆ ಬರೋ ದಾವಣಗೆರೆಯವರು ಅಸ್ಥಿ ತರ್ತಿದಾರೆ. ಅವರು ಎಲ್ಲಿಂದ ಒಳಗೆ ಬರ್ತಾರೆ?"

ಅದೊಂದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಮ್ಮ ಮನೆಯ ಕ್ರಮವೇ ಹಾಗೆ: ಅಸ್ಥಿ ತಂದವರು ಪಕ್ಕದ ಬಾಗಿಲಿನಿಂದ ನೇರ ಹಿತ್ತಲಿಗೆ ಹೋಗಿ, ಮಡಕೆಯನ್ನು ಅಲ್ಲಿನ ಮರಕ್ಕೆ ತೂಗುಹಾಕಿ, ನಲ್ಲಿಯಲ್ಲಿ ಮಿಂದು ಆಮೇಲೆ ಒಳಗೆ ಬರಬೇಕು. ಮುಂಬಾಗಿಲು ಇರುವುದು ದೇವರ ಮನೆಯ ಎದುರಿಗೆ. ನನಗೆ ಬರುವ ಯಾತ್ರಿಕರಲ್ಲಿ ಮುಕ್ಕಾಲು ಪಾಲು ಅಸ್ಥಿ ತರುವವರೇ. ಅವರು ಬೇರೆ ಮನೆ ನೋಡಿಕೊಂಡರೆ ನಾನು ಮತ್ತೆ ಛತ್ರದ ಸೌಟು ಹಿಡಿಯಬೇಕು. "ಒಂದು ಸಲಕ್ಕೆ ಮುಂದಿನಿಂದಲೇ..." ಎಂದೆ. ಅವಳು ನೋಡಿದ ನೋಟಕ್ಕೆ ವಾಕ್ಯ ಅಲ್ಲೇ ಮುಗಿಯಿತು. ಈ ಮೂವತ್ತು ವರ್ಷಗಳಲ್ಲಿ ನಾನು ಚೌಕಾಸಿಯಲ್ಲಿ ಒಮ್ಮೆಯೂ ಗೆಲ್ಲದ ಅಂಗಡಿ ಅದೊಂದೇ.

ಗೋಡೆ ಒಡೆಯೋಣವೆಂದರೆ ಎದುರಿಗೆ ಪಾಂಡೆಜಿ. ಉಳಿದದ್ದು ಒಂದೇ ದಾರಿ. ಕಾವೇರಮ್ಮನವರ ಪಕ್ಕದ ಬಾಗಿಲು ತೆರೆದುಕೊಳ್ಳುವುದೂ ನಮ್ಮಿಬ್ಬರಿಗೂ ಸೇರಿದ ಅದೇ ಹಿತ್ತಲಿಗೆ. ಹೋಗಿ ಕೈಕಟ್ಟಿ ನಿಂತೆ. ಅವರು ಬತ್ತಿ ಹೊಸೆಯುತ್ತಿದ್ದರು.

"ಧಾರಾಳವಾಗಿ ಬರಲಿ ಕಣಪ್ಪಾ. ಆ ಬಾಗಿಲಿನ ಪಾಲು ನೀನು ಕಟ್ಟಿಬಿಡು."

"ಅತ್ತೆ, ಎಷ್ಟೋ ವರ್ಷದಿಂದ ತೆಗೆಯದ ಬಾಗಿಲು. ಸ್ವಲ್ಪ ನೋಡಿ ಹೇಳಿ."

"ಇದೇ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ! ಬಾಗಿಲು ಬಾಗಿಲೇ ಶೀನಪ್ಪಾ. ಕೀಲಿಗೆ ಎಣ್ಣೆ ನೀನೇ ತಂದು ಹಾಕು."

ಈಗ ಗಲ್ಲಿ ಕನ್ನಡಿಯ ಹಾಗಿದೆ. ಕಾಗದದ ಪ್ರಕಾರ ನನ್ನ ಮನೆಗೆ ಒಂದೇ ಬಾಗಿಲು. ದುಡ್ಡು ಕೊಟ್ಟದ್ದು ಎರಡಕ್ಕೆ, ಗಾರೆಯವನ ಕೂಲಿ ಬೇರೆ. ನಿಮ್ಮ ಗಲ್ಲಿಯಲ್ಲೂ ಪಾಲಿನ ಪ್ರಶ್ನೆ ಎದ್ದರೆ ಸಂಕೋಚವಿಲ್ಲದೆ ಬನ್ನಿ, ಸಲಹೆ ಈಗಲೂ ಪುಕ್ಕಟೆ. ಮುಂಬಾಗಿಲಿನಿಂದಲೇ ಬನ್ನಿ. ಪಕ್ಕದ ಬಾಗಿಲಾದರೆ ನಾನು ಮೊದಲು ಕಾವೇರಮ್ಮನವರನ್ನು ಕೇಳಬೇಕು.