ಪೊರ್ಬುಗಳ ಎ.ಸಿ. ಆಫ್ ರಾಜಿ

ನಮ್ಮ ಪೊರ್ಬುಗಳ ಕಣ್ಣಿಗೆ ಬಿದ್ದ ಯಾವ ಜಗಳವೂ ಎರಡನೆಯ ಶುಕ್ರವಾರ ಕಂಡದ್ದಿಲ್ಲ! ಕೆಲವರಿಗೆ ಹಳೆಯ ನಾಣ್ಯದ ಹುಚ್ಚು, ಕೆಲವರಿಗೆ ಅಂಚೆಚೀಟಿಯ ಹುಚ್ಚು. ಇವರಿಗೆ ರಾಜಿ ಮಾಡಿಸುವ ಹುಚ್ಚು. ಕತಾರಿನ ಮೆಸಯೀದ್ ಊರಿನ ಕಂಪನಿ ಕ್ವಾರ್ಟರ್ಸಿನಲ್ಲಿ ಗಂಡ ಹೆಂಡತಿ ಸ್ವಲ್ಪ ದನಿಯೆತ್ತಿ ಮಾತಾಡಿದರೆ ಸಾಕು, ಐದು ನಿಮಿಷದಲ್ಲಿ ಪೊರ್ಬುಗಳು ಬಾಗಿಲಲ್ಲಿ ಹಾಜರು. ಅವರ ಭಯಕ್ಕೆ ನಾವೆಲ್ಲ ಪಿಸುದನಿಯಲ್ಲಿ ಜಗಳವಾಡುವುದನ್ನು ಕಲಿತಿದ್ದೆವು.

ತುಳುನಾಡಿನಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎನ್ನುವುದು ರೂಢಿ. ಇವರಿಗೂ ಮೂರು ಪದರದ ಪೋರ್ಚುಗೀಸ್ ಹೆಸರೊಂದಿತ್ತು. ಪಾಸ್‌ಪೋರ್ಟಿನ ಹೊರಗೆ ಅದನ್ನು ಯಾರೂ ಬಳಸಿದ್ದು ನಾನು ಕಾಣೆ. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಅವರು ಪಂಪು ರಿಪೇರಿಯ ಫೋರ್‌ಮನ್. ಬಾಯಮ್ಮ, ಎಂದರೆ ಅವರ ಹೆಂಡತಿ, ಮಕ್ಕಳ ಓದಿಗೆಂದು ಊರಲ್ಲಿದ್ದರು. ಹಾಗಾಗಿ ಪೊರ್ಬುಗಳ ಸಂಜೆಯ ಹೊತ್ತೆಲ್ಲ ಊರ ಉಸಾಬರಿಗೆ ಖಾಲಿ. ಮದುವೆಗೆ ಮುಂಚೆ ನಾನು ಮೂಲ್ಕಿಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ ಎಂಬ ಕಾರಣಕ್ಕೆ ನಾನು ಅವರ ಬಾಯಲ್ಲಿ ಎಂದೆಂದಿಗೂ ‘ಟೀಚರ್’. ನಮ್ಮ ಮಾತೆಲ್ಲ ತುಳುವಿನಲ್ಲಿ; ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

ಅವರ ರಾಜಿಯ ವಿಧಾನ ನೋಡಬೇಕು! ನಮ್ಮ ಕಟ್ಟಡಕ್ಕೆ ನೆರಳಿರುವ ಪಾರ್ಕಿಂಗ್ ಜಾಗ ಒಂದೇ ಇತ್ತು. ಅದಕ್ಕಾಗಿ ನನ್ನ ಗಂಡನಿಗೂ ಕೆಳಗಿನ ಮನೆಯ ಹಸನಬ್ಬನವರಿಗೂ ಮಾತು ಬಿಟ್ಟುಹೋಯಿತು. ಹಸನಬ್ಬ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಂ, ಮೂವತ್ತು ವರ್ಷದಿಂದ ಕತಾರಿನಲ್ಲಿದ್ದವರು. ಮೀನು ತರುವ ನೆಪ ಹೇಳಿ ಪೊರ್ಬುಗಳು ಇಬ್ಬರನ್ನೂ ತಮ್ಮ ಹಳೆಯ ಕಾರಿನ ಹಿಂದಿನ ಸೀಟಿಗೆ ಹತ್ತಿಸಿದರು. ಮರಳ ದಾರಿಯಲ್ಲಿ ನಡುಹಗಲಿಗೆ ಕಾರು ನಿಲ್ಲಿಸಿ, ಕಿಟಕಿ ಲಾಕ್ ಮಾಡಿ, ಎ.ಸಿ. ಆಫ್ ಮಾಡಿದರು. ‘ಖಲಾಸ್’, ಮುಗಿಯಿತು, ಎಂದು ಇಬ್ಬರ ಬಾಯಲ್ಲೂ ಬಂದ ಮೇಲೆ ಎ.ಸಿ., ಅಲ್ಲಿಯವರೆಗೆ ಮಾಫಿ, ಎಂದರೆ ಅರಬ್ಬಿಯಲ್ಲಿ ‘ಇಲ್ಲ’. ಜುಲೈ ತಿಂಗಳ ಮೆಸಯೀದಿನಲ್ಲಿ ಯಾವ ವೈರ ತಾನೆ ಎಷ್ಟು ಹೊತ್ತು ಬದುಕೀತು? ನಾಲ್ಕನೆಯ ನಿಮಿಷಕ್ಕೆ ನಮ್ಮವರು ಪಾರ್ಕಿಂಗ್ ಬಿಟ್ಟುಕೊಟ್ಟರು. ಐದನೆಯ ನಿಮಿಷಕ್ಕೆ ಹಸನಬ್ಬ ಅದನ್ನು ವಾಪಸು ಕೊಟ್ಟರು. ಆರನೆಯ ನಿಮಿಷಕ್ಕೆ ಇಬ್ಬರೂ ಒಂದಾಗಿ ಪೊರ್ಬುಗಳಿಗೆ ಬೈಯತೊಡಗಿದರು. ಅವರು ಸಂತೋಷದಿಂದ ಎ.ಸಿ. ಹಾಕಿದರು. ಅಂದಿನಿಂದ ಆ ನೆರಳಿನಲ್ಲಿ ನಿಲ್ಲುತ್ತಿದ್ದದ್ದು ಪೊರ್ಬುಗಳ ಕಾರು.

ಅಷ್ಟಕ್ಕೇ ಮುಗಿಯಿತೇ? ತಪ್ಪು ಮಾಡಿದವನು ಏನು ಮಾಡಿದೆನೆಂದು ತನ್ನ ಬಾಯಲ್ಲೇ ಹೇಳಬೇಕು. ‘ನಿಮಗೆ ಬೇಜಾರಾಗಿದ್ದರೆ ಸಾರಿ’ ಎಂಬ ಆಫೀಸು ಭಾಷೆ ನಡೆಯದು. ಜೊತೆಗೆ ತನ್ನ ಕೈಯಾರೆ ಬೇಯಿಸಿದ್ದೊಂದನ್ನು ಕೊಂಡೊಯ್ಯಬೇಕು. ನನ್ನ ಗಂಡ ಜೀವಮಾನದಲ್ಲಿ ಮೊದಲ ಬಾರಿಗೆ ಉಪ್ಪಿಟ್ಟು ಮಾಡಿ ಹಸನಬ್ಬನವರಿಗೆ ಕೊಟ್ಟುಬಂದರು. ತಿಂದ ಹಸನಬ್ಬ, ಜಗಳವೇ ಇದ್ದಿದ್ದರೆ ಹೊಟ್ಟೆಗೆ ಒಳ್ಳೆಯದಿತ್ತು ಎಂದರಂತೆ.

ಇಂಥ ಪೊರ್ಬುಗಳ ಎದುರಿಗೆ ಬಂದು ನಿಂತದ್ದು ವಿಲ್ಫ್ರೆಡ್.

ಆತ ಕೆನಡಾದಿಂದ ಬಂದ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಅರುವತ್ತರ ಹತ್ತಿರದ ವಯಸ್ಸು, ಅಗಲ ಮುಖ, ಮಾತು ಕಡಿಮೆ. ಆತ ಆ ದೇಶದ ಮೂಲನಿವಾಸಿಗಳಲ್ಲಿ ಒಬ್ಬ, ಬಿಳಿಯರು ಹೋಗುವ ಮುಂಚೆ ಅಲ್ಲಿದ್ದವರ ಪೈಕಿ ಎಂದು ನನ್ನ ಗಂಡ ಹೇಳಿದ್ದರು. ಪೊರ್ಬುಗಳ ಕಿವಿಗೆ ಬಿದ್ದದ್ದು ಹೆಸರು ಮಾತ್ರ. ವಿಲ್ಫ್ರೆಡ್! ನಮ್ಮ ಮಂಗಳೂರು ಕಡೆ ಇಗರ್ಜಿಯ, ಎಂದರೆ ಚರ್ಚಿನ, ಜಗಲಿಯಿಂದ ಕಲ್ಲೆಸೆದರೆ ಅದು ಒಬ್ಬ ವಿಲ್ಫ್ರೆಡನಿಗೇ ತಾಗುವುದು. ಪೊರ್ಬುಗಳ ಭಾವ ವಿಲ್ಫ್ರೆಡ್, ಅಣ್ಣನ ಮಗ ವಿಲ್ಫ್ರೆಡ್, ಊರಿನ ಬೇಕರಿಯವನೂ ವಿಲ್ಫ್ರೆಡ್. ಎಂದ ಮೇಲೆ ಈತ ನಮ್ಮವನೇ ಎಂದು ತೀರ್ಮಾನಿಸಲು ಇನ್ನೇನು ಪುರಾವೆ ಬೇಕು?

ಆ ವರ್ಷವೇ ದೋಹಾದ ಹೊರಗೆ, ಸರ್ಕಾರ ಕೊಟ್ಟ ಮರಳು ಜಾಗದಲ್ಲಿ, ದೊಡ್ಡದೊಂದು ಇಗರ್ಜಿ ತೆರೆದಿತ್ತು. ಹೊರಗೆ ಶಿಲುಬೆಯಿಲ್ಲ, ಗಂಟೆಯಿಲ್ಲ. ಆದರೂ ಇಪ್ಪತ್ತು ವರ್ಷ ಯಾರಯಾರದೋ ಮನೆಯ ಹಾಲಿನಲ್ಲಿ ಪೂಜೆ ಕಂಡಿದ್ದ ಪೊರ್ಬುಗಳಿಗೆ ಅದು ರೋಮಿಗಿಂತ ಹೆಚ್ಚು. ಕಂಡಕಂಡವರನ್ನೆಲ್ಲ ಅಲ್ಲಿಗೆ ಕರೆದೊಯ್ದು ತೋರಿಸುತ್ತಿದ್ದರು. ಹಸನಬ್ಬನವರನ್ನೂ ಬಿಟ್ಟಿರಲಿಲ್ಲ, ಅವರು ಪಾರ್ಕಿಂಗ್ ಚೆನ್ನಾಗಿದೆ ಎಂದು ಹೊಗಳಿ ಬಂದಿದ್ದರು. ಒಂದು ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಪೊರ್ಬುಗಳು ವಿಲ್ಫ್ರೆಡನ ಬಾಗಿಲು ಬಡಿದರು, ಪೂಜೆಗೆ ಹೊತ್ತಾಯಿತು, ಯಲ್ಲಾ, ಬೇಗ ಹೊರಡಿ ಎಂದರು. ವಿಲ್ಫ್ರೆಡ್ ಅವರನ್ನೇ ಒಂದು ಗಳಿಗೆ ನೋಡಿ ಬಾಗಿಲು ಹಾಕಿಕೊಂಡ. ಪೊರ್ಬುಗಳು, ಪಾಪ, ಬಟ್ಟೆ ಹಾಕಿಕೊಳ್ಳಲು ಹೋದನೆಂದು ಇಪ್ಪತ್ತು ನಿಮಿಷ ಬಿಸಿಲಲ್ಲಿ ಕಾದರು.

ಮರುದಿನದಿಂದ ಕಾರ್ಖಾನೆಯಲ್ಲಿ ಪೊರ್ಬುಗಳು ಎದುರಾದರೆ ವಿಲ್ಫ್ರೆಡ್ ದಾರಿ ಬದಲಿಸತೊಡಗಿದ. ಜಗಳ ಬಿಡಿಸುವವರ ಮೇಲೇ ಜಗಳ! ಪೊರ್ಬುಗಳಿಗೆ ಊಟ ಸೇರಲಿಲ್ಲ. ನಾನೆಂಥ ತಪ್ಪು ಮಾಡಿದೆ ಎಂದು ದಿನಕ್ಕೆರಡು ಸಲ ನಮ್ಮ ಮನೆಗೆ ಬಂದು ಕೇಳುತ್ತಿದ್ದರು, ಪ್ರತಿ ಸಲವೂ ಟೀ ಕುಡಿಯುತ್ತಿದ್ದರು.

ಉತ್ತರ ಸಿಕ್ಕಿದ್ದು ಜೂನಿನಲ್ಲಿ. ಕೆನಡಾದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ನಿಂತು ಮೂಲನಿವಾಸಿಗಳ ಕ್ಷಮೆ ಕೇಳಿದ್ದನ್ನು ಕ್ಯಾಂಟೀನಿನ ಟಿ.ವಿ. ಮರುದಿನ ತೋರಿಸಿತಂತೆ. ವಿಲ್ಫ್ರೆಡ್ ತಟ್ಟೆ ಕೆಳಗಿಟ್ಟು, ಅದು ಮುಗಿಯುವವರೆಗೂ ನಿಂತೇ ಇದ್ದನಂತೆ. ನಾನು ಪೇಪರು ತೆಗೆದು ಪೊರ್ಬುಗಳಿಗೆ ಓದಿಹೇಳಿದೆ. ಸರ್ಕಾರ ಆ ಜನರ ಪುಟ್ಟ ಮಕ್ಕಳನ್ನು ತಾಯಿತಂದೆಯರಿಂದ ಕಿತ್ತು ದೂರದ ಬೋರ್ಡಿಂಗ್ ಶಾಲೆಗಳಿಗೆ ಹಾಕಿತ್ತು. ಅಲ್ಲಿ ಮಕ್ಕಳ ಕೂದಲು ಕತ್ತರಿಸಿದರು, ತಮ್ಮ ಭಾಷೆ ಆಡಿದರೆ ಹೊಡೆದರು, ಹೊಸ ಹೆಸರಿಟ್ಟರು. ಎಷ್ಟೋ ಮಕ್ಕಳು ಮನೆಗೆ ಮರಳಲಿಲ್ಲ. ಆ ಶಾಲೆಗಳನ್ನು ನಡೆಸಿದ್ದು ಚರ್ಚುಗಳು.

“ನಮ್ಮ ಇಗರ್ಜಿಯವರಾ?” ಎಂದರು ಪೊರ್ಬುಗಳು.

ಬೇರೆ ಬೇರೆ ಪಂಗಡದವರು, ನಿಮ್ಮವರೂ ಇದ್ದಾರೆ ಎಂದೆ. ಅವರಿಗೆ ಮೊದಲು ಸಿಟ್ಟು ಬಂತು. ಪೇಪರಿನವರಿಗೆ ಬೇರೆ ಕೆಲಸವಿಲ್ಲ ಎಂದರು. ತನಗೆ ಅಕ್ಷರ ಕಲಿಸಿದ ಸಿಸ್ಟರ್ ಎಷ್ಟು ಒಳ್ಳೆಯವರೆಂದು ಅರ್ಧ ಗಂಟೆ ಹೇಳಿದರು. ಆಮೇಲೆ, ಅಷ್ಟು ಚಿಕ್ಕ ಮಕ್ಕಳನ್ನಾ ಎಂದರು. ಟೀ ಮುಟ್ಟದೆ ಹೊರಟುಹೋದರು. ಅವರು ಟೀ ಬಿಟ್ಟುಹೋದದ್ದನ್ನು ನಾನು ಕಂಡದ್ದು ಅದೇ ಮೊದಲು.

ಎರಡು ದಿನ ಬಿಟ್ಟು ಬಂದವರು ವಿಲ್ಫ್ರೆಡನ ಕ್ಷಮೆ ಕೇಳಬೇಕು, ಇಂಗ್ಲಿಷಿಗೆ ನೀವು ಬರಬೇಕು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಕಿನ್ನಿಗೋಳಿಯ ಪೊರ್ಬುಗಳಿಗೂ ಕೆನಡಾದ ಶಾಲೆಗೂ ಎಂಥ ಸಂಬಂಧ ಎಂದು ಕೇಳಿದೆ.

“ಅಲ್ಲ ಟೀಚರ್, ರೋಮಿನಲ್ಲಿ ಒಬ್ಬ ಸಂತ ಆದ್ರೆ ನಾವು ಕಿನ್ನಿಗೋಳಿಯಲ್ಲಿ ಪಟಾಕಿ ಹೊಡೆಯುದಿಲ್ವಾ? ಪಟಾಕಿಗೆ ಸಂಬಂಧ ಉಂಟು, ತಪ್ಪಿಗೆ ಮಾತ್ರ ಇಲ್ವಾ?”

ನಾನು ಚಪ್ಪಲಿ ಹಾಕಿಕೊಂಡೆ.

ಕೈಯಾರೆ ಬೇಯಿಸಿದ್ದು ಎಂದು ಅವರು ಸಾನ್ನ ಮಾಡಿದ್ದರು. ಸಾನ್ನ ಎಂದರೆ ನಮ್ಮ ಇಡ್ಲಿಯ ಕ್ರೈಸ್ತ ಅಣ್ಣ. ಹಿಟ್ಟು ಉಬ್ಬಲು ಶೇಂದಿ ಹಾಕುತ್ತಾರೆ. ಕತಾರಿನಲ್ಲಿ ಶೇಂದಿಯನ್ನು ಎಲ್ಲಿಂದ ತರುವುದು? ಈಸ್ಟು ಹಾಕಿದ್ದರಂತೆ, ಅದಕ್ಕೆ ಉಬ್ಬುವ ಮನಸ್ಸಿರಲಿಲ್ಲ. ಒಂದು ಸಾನ್ನ ದಾರಿಯಲ್ಲಿ ಕೈಜಾರಿ ಮೆಟ್ಟಿಲ ಮೇಲೆ ಬಿತ್ತು. ಮೆಟ್ಟಿಲಿಗೇ ಪೆಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ.

ವಿಲ್ಫ್ರೆಡನ ಬಾಗಿಲಲ್ಲಿ ನಿಂತು ಪೊರ್ಬುಗಳು ನೇರವಾಗಿ ಹೇಳಿದರು. ಕೇಳದೆ ಬಂದು ಬಾಗಿಲು ಬಡಿದದ್ದು ನನ್ನ ತಪ್ಪು. ನನ್ನ ಇಗರ್ಜಿ ನಿಮ್ಮನ್ನು ಅಮ್ಮನ ಕೈಯಿಂದ ಕಿತ್ತುಕೊಂಡದ್ದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಇದ್ದದ್ದೂ ತಪ್ಪು. ಒಂದೊಂದು ಮಾತನ್ನೂ ನಾನು ಇಂಗ್ಲಿಷಿಗೆ ತಂದೆ. ಹೇಳಿ ಮುಗಿಸಿ ಪೊರ್ಬುಗಳು ಕೈ ಚಾಚಿ, ಎಂದಿನಂತೆ, ಖಲಾಸಿಗಾಗಿ ಕಾದರು.

ವಿಲ್ಫ್ರೆಡ್ ಪಾತ್ರೆಯನ್ನು ತೆಗೆದುಕೊಂಡ. ಇದನ್ನು ಇಟ್ಟುಕೊಳ್ಳುತ್ತೇನೆ, ಆದರೆ ಆ ಮಾತು ಹೇಳುವುದು ನನ್ನೊಬ್ಬನ ಕೈಯಲ್ಲಿಲ್ಲ, ಶಾಲೆಯಿಂದ ಮರಳದ ತಂಗಿಯೊಬ್ಬಳಿದ್ದಳು ಎಂದ. ಆಮೇಲೆ, ನಿಮ್ಮ ಊರಿನಲ್ಲಿ ನಿಮಗಿಂತ ಮುಂಚೆ ಇದ್ದವರು ಯಾರು, ಅವರು ಹೇಗಿದ್ದಾರೆ ಎಂದು ಕೇಳಿದ. ಮಾತಿನಲ್ಲಿ ಕೊಂಕಿರಲಿಲ್ಲ, ಸುಮ್ಮನೆ ಕೇಳಿದ್ದು.

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಪೊರ್ಬುಗಳು ಅಂದು ತಮ್ಮ ಮನೆ ದಾಟಿ ನಮ್ಮ ಮನೆಯವರೆಗೆ ಬಂದು, ಸೋಫಾದಲ್ಲಿ ಕೂತು, ತುಕ್ರು ಎಂದರು.

ತುಕ್ರು ಅವರ ಊರಿನ ಕೊರಗರ ಹೆಂಗಸು. ನಮ್ಮ ಕರಾವಳಿಯಲ್ಲಿ ಎಲ್ಲರಿಗಿಂತ ಮುಂಚೆ ಇದ್ದವರು ಕೊರಗರು. ಕಾಡುಬಳ್ಳಿಯಿಂದ ಬುಟ್ಟಿ ಹೆಣೆಯುವವರು, ಡೋಲು ಬಾರಿಸುವವರು. ಪೊರ್ಬುಗಳ ಅಕ್ಕನ ಮದುವೆಗೆ ಬುಟ್ಟಿಗಳನ್ನೆಲ್ಲ ಹೆಣೆದುಕೊಟ್ಟದ್ದು ತುಕ್ರು. ಊಟದ ಹೊತ್ತಿಗೆ ಅವಳನ್ನು ಕೂರಿಸಿದ್ದು ಅಂಗಳದಾಚೆ. ಎಲ್ಲರೂ ಉಂಡೆದ್ದ ಎಲೆಗಳಲ್ಲಿ ಉಳಿದದ್ದನ್ನು ಗೋರಿ ಅವಳ ಬುಟ್ಟಿಗೆ ಸುರಿದದ್ದು ಹದಿನಾರು ವರ್ಷದ ಪೊರ್ಬುಗಳು. ಆಗ ಗೆಳೆಯರ ಜೊತೆ ನಗುತ್ತಿದ್ದರಂತೆ.

“ಸರ್ಕಾರ ಅದನ್ನೆಲ್ಲ ನಿಲ್ಲಿಸ್ಲಿಕ್ಕೆ ಕಾನೂನು ಮಾಡಿತು. ನಮ್ಮ ಫಾದರ್ ಪ್ರಸಂಗ ಮಾಡಿದ್ರು. ನಾನು ಎಂತ ಮಾಡಿದೆ ಟೀಚರ್? ಇಲ್ಲಿ ಕತಾರಿನಲ್ಲಿ ಕೂತಿದ್ದೆ.”

ನಮ್ಮ ಅಂಗಳದಾಚೆಯೂ ಅದೇ ನಡೆಯುತ್ತಿತ್ತು, ನಾನು ಕಿಟಕಿಯಿಂದ ನೋಡಿದ್ದೆ. ಪೊರ್ಬುಗಳ ಮನೆಗೂ ನಮ್ಮ ಮನೆಗೂ ಈ ಒಂದು ವಿಷಯದಲ್ಲಿ ಜಗಳವೇ ಇರಲಿಲ್ಲ.

ವರ್ಷದ ರಜೆಗೆ ಗಲ್ಫಿನವರು ಹೇಗೆ ಹೋಗುತ್ತಾರೆ? ಹಾಲಿನ ಪುಡಿ, ಸೆಂಟು, ಕಂಬಳಿ ತುಂಬಿದ ಪೆಟ್ಟಿಗೆಗೆ ಹಗ್ಗ ಬಿಗಿದು. ಪೊರ್ಬುಗಳು ಆ ಸಲ ಸಾನ್ನ ಬೇಯಿಸುವ ಬಟ್ಟಲುಗಳನ್ನು ಹೊತ್ತುಕೊಂಡು ಹೋದರು. ಅವು ಊರಲ್ಲಿ ಸಿಗುವುದಿಲ್ಲವೇ ಎಂದರೆ, ಕೈಗೆ ಇವೇ ಅಭ್ಯಾಸ ಎಂದರು. ಗಲ್ಫಿನಿಂದ ಪಾತ್ರೆ ತಂದ ಗಂಡನನ್ನು ಕಂಡು ಬಾಯಮ್ಮ ಏನೆಂದರೋ ದೇವರೇ ಬಲ್ಲ.

ತಿಂಗಳು ಕಳೆದು ಮರಳಿದಾಗ ಕಪ್ಪಾಗಿದ್ದರು, ಸೊರಗಿದ್ದರು. ಖಲಾಸ್ ಆಯಿತೇ ಎಂದು ಕೇಳಿದೆ. ಅವರು ನಕ್ಕು ಎಲ್ಲವನ್ನೂ ಹೇಳಿದರು. ಮುದುಕಿ ತುಕ್ರು ಇವರ ಮಾತನ್ನೆಲ್ಲ ಕೇಳಿ, ಪಾತ್ರೆಯ ಮುಚ್ಚಳ ತೆಗೆದು ನೋಡಿ, ತಾನೂ ಮಗಳೂ ಮೊಮ್ಮಕ್ಕಳೂ ಒಳಗೆ ಕೂತು ನಿಧಾನವಾಗಿ ತಿಂದರಂತೆ. ಪೊರ್ಬುಗಳು ಅಷ್ಟು ಹೊತ್ತೂ ಅಂಗಳದಾಚೆ ನಿಂತಿದ್ದರು. ಯಾರೂ ನಿಲ್ಲಿಸಿದ್ದಲ್ಲ, ತಾವೇ ನಿಂತದ್ದು. ತಿಂದು ಕೈ ತೊಳೆದು ಹೊರಬಂದ ತುಕ್ರು ಒಂದೇ ಮಾತು ಹೇಳಿದಳಂತೆ.

“ಉಪ್ಪು ಕಮ್ಮಿ. ನಾಳೆಯೂ ತಾ.”

ಮೂವತ್ತು ದಿನದ ರಜೆಯಲ್ಲಿ ಇಪ್ಪತ್ತಾರು ದಿನ ಪೊರ್ಬುಗಳು ಸಾನ್ನ ಬೇಯಿಸಿದರು! ಹತ್ತನೆಯ ದಿನ ಅವಳ ಮಗಳು ಒಳಗೆ ಬಂದು ಕೂರಲು ಹೇಳಿದಳಂತೆ. ಕೊನೆಯ ದಿನ ತುಕ್ರು ಅಂಗೈಯಗಲದ ಒಂದು ಬುಟ್ಟಿ ಕೊಟ್ಟಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಇವರೂ ಕೇಳಲಿಲ್ಲ.

ಅದೇ ಬುಟ್ಟಿಯಲ್ಲಿ ನಾಲ್ಕು ಸಾನ್ನ ಇಟ್ಟುಕೊಂಡು, ನನ್ನನ್ನೂ ಕರೆದುಕೊಂಡು, ಅವರು ವಿಲ್ಫ್ರೆಡನ ಮನೆಗೆ ಹೋದರು. ನೀವು ಕೇಳಿದ್ದಿರಲ್ಲ, ನಮಗಿಂತ ಮುಂಚಿನವರು, ಅವರು ಹೆಣೆದದ್ದು ಎಂದು ನನ್ನಿಂದ ಹೇಳಿಸಿದರು. ಈ ಸಲ ಕೈ ಚಾಚಲಿಲ್ಲ, ಖಲಾಸಿಗೆ ಕಾಯಲಿಲ್ಲ. ಕೊಟ್ಟು ಹೊರಡಲು ತಿರುಗಿದರು.

ವಿಲ್ಫ್ರೆಡ್ ಬುಟ್ಟಿಯ ಅಂಚಿನ ಮೇಲೆ ಬೆರಳಾಡಿಸುತ್ತಿದ್ದ. ತನ್ನ ಅಜ್ಜಿಯೂ ಹೀಗೇ ಅಂಚು ಕಟ್ಟುತ್ತಿದ್ದಳು ಎಂದ. ಆಮೇಲೆ, ವಿಲ್ಫ್ರೆಡ್ ಎಂಬುದು ಶಾಲೆಯವರು ಇಟ್ಟ ಹೆಸರು, ಅಜ್ಜಿ ಇಟ್ಟದ್ದು ಬೇರೆ ಎಂದು ಅದನ್ನು ಹೇಳಿದ.

ಪೊರ್ಬುಗಳು ಅದನ್ನು ಉಚ್ಚರಿಸಲು ಹೋಗಿ ತಪ್ಪಿದರು. ವಿಲ್ಫ್ರೆಡ್ ತಿದ್ದಿದ. ಮತ್ತೆ ತಪ್ಪಿದರು. ಐದನೆಯ ಸಲಕ್ಕೆ ಸರಿಯಾಗಿ ಬಂದಾಗ ಆ ದೊಡ್ಡ ಮನುಷ್ಯ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಕತಾರಿಗೆ ಬಂದ ಮೇಲೆ ಆತನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಆ ಹೆಸರನ್ನು ನಾನೂ ಕೇಳಿದ್ದೇನೆ, ನನಗೆ ನೆನಪೂ ಇದೆ. ಆದರೆ ಇಲ್ಲಿ ಬರೆಯುವುದಿಲ್ಲ. ಅದು ಪೊರ್ಬುಗಳಿಗೆ ಕೊಟ್ಟದ್ದು.